ಕಡಲಾಮೆಗಳ ಮಾಸ್ತರರು ಆರ್ಚಿ ಕಾರ್

ಹಳೆಯ ವಿದ್ಯಾರ್ಥಿಯಾಗಿ ಸುವರ್ಣ ಮಹೋತ್ಸವ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಮುಖ್ಯಾಧ್ಯಾಪಕರು ಕೇಳಿದಾಗ, ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಅಂದುಕೊಂಡಿರಬೇಕು. ನಾನು ಆರಿಸಿಕೊಂಡದ್ದು ಅಮೆರಿಕದ ಒಬ್ಬ ಪ್ರಾಣಿಶಾಸ್ತ್ರಜ್ಞರನ್ನು. ಅದಕ್ಕೆ ಕಾರಣ ಒಂಬತ್ತನೆಯ ತರಗತಿಯಲ್ಲಿ ನಾನು ಮಾಡಿದ ಒಂದು ಕೆಲಸ. ಹೊನ್ನಾವರ ಸೀಮೆಯ ನಮ್ಮ ತೀರಕ್ಕೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಒಂದು ಬೆಳಿಗ್ಗೆ ನಾವು ಮೂವರು ಹುಡುಗರು ಆಮೆಯ ಜಾಡು ಹಿಡಿದು ಹೋಗಿ, ಹೊಯ್ಗೆ ಕೆದಕಿ, ಅಷ್ಟೂ ಮೊಟ್ಟೆಗಳನ್ನು ಪಾಟೀಚೀಲದಲ್ಲಿ ತುಂಬಿಕೊಂಡು ಹೋಗಿ ಮಾರಿದೆವು. ಆ ದುಡ್ಡಿಗೆ ಕ್ರಿಕೆಟ್ ಚೆಂಡು ಬಂತು. ಎಷ್ಟೋ ವರ್ಷಗಳ ನಂತರ ಕಾರ್ ಅವರ ಬಗ್ಗೆ ಓದುವಾಗ ಆ ಚೀಲ ನೆನಪಾಯಿತು.

ಆರ್ಚಿ ಕಾರ್ ಹುಟ್ಟಿದ್ದು 1909ರಲ್ಲಿ, ಅಲಬಾಮಾದ ಮೊಬೀಲ್ ನಗರದಲ್ಲಿ. ತಂದೆ ಚರ್ಚಿನ ಪಾದ್ರಿ. 1937ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ನಡುವೆ ಕೆಲವು ವರ್ಷ ಹೊಂಡುರಾಸ್‌ನಲ್ಲಿ ಪಾಠ ಹೇಳಿದ್ದು ಬಿಟ್ಟರೆ, ಜೀವನವಿಡೀ ಅಲ್ಲಿಯೇ ಅಧ್ಯಾಪಕರಾಗಿದ್ದರು. ಪತ್ನಿ ಮಾರ್ಜರಿ ಕೂಡ ಪರಿಸರ ಹೋರಾಟದಲ್ಲಿ ದೊಡ್ಡ ಹೆಸರು. ಅವರ ಬಗ್ಗೆಯೇ ಬೇರೆ ಲೇಖನ ಬೇಕು. ಆಮೆಗಳ ಕುರಿತ ಕಾರ್ ಅವರ ದೊಡ್ಡ ಕೈಪಿಡಿ 1952ರಲ್ಲಿ ಬಂತು. ಅದನ್ನು ಬರೆಯುವಾಗ, ಕಡಲಾಮೆಗಳ ವಿಷಯದಲ್ಲಿ ವಿಜ್ಞಾನಕ್ಕಿಂತ ಮೀನುಗಾರರಿಗೇ ಹೆಚ್ಚು ಗೊತ್ತಿದೆ ಎಂಬುದು ಅವರಿಗೆ ಮನವರಿಕೆಯಾಗಿತ್ತು.

ಹೀಗೆ ಅವರು ಕೋಸ್ಟರಿಕಾದ ಟೋರ್ಟುಗೆರೊ ತೀರಕ್ಕೆ ಬಂದರು. ಹಸಿರು ಆಮೆಗಳು ಮೊಟ್ಟೆಯಿಡಲು ಹತ್ತುವ, ಸುಮಾರು 35 ಕಿಲೋಮೀಟರ್ ಉದ್ದದ ಕಪ್ಪು ಮರಳಿನ ದಂಡೆ ಅದು. ಹತ್ತಿದ ಆಮೆಯನ್ನು ಅಂಗಾತ ಮಗುಚಿ ಹಾಕಿ ದೋಣಿಗೆ ಸಾಗಿಸುವವರು ಅಲ್ಲಿ ರಾತ್ರಿಯಿಡೀ ಕಾದಿರುತ್ತಿದ್ದರು. ಮಾಂಸಕ್ಕೂ ಸೂಪಿಗೂ ಹೊರಗೆ ಒಳ್ಳೆಯ ಗಿರಾಕಿಯಿತ್ತು.

ಒಂದೇ ಆಮೆ ಮತ್ತೆ ಇದೇ ದಂಡೆಗೆ ಬರುತ್ತದೆಯೇ, ಉಳಿದ ಕಾಲ ಎಲ್ಲಿರುತ್ತದೆ? ತಿಳಿಯಬೇಕಾದರೆ ಪ್ರತಿ ಆಮೆಗೂ ಒಂದು ಸಂಖ್ಯೆ ಬೇಕು. ಡೇಟಾಬೇಸ್ ಕೆಲಸ ಮಾಡುವ ನಮಗೂ ಮೊದಲ ತಲೆನೋವು ಅದೇ. 1955ರಲ್ಲಿ ಚಿಪ್ಪಿನ ಹಿಂಬದಿಗೆ ತೂತು ಕೊರೆದು ತಂತಿಯಿಂದ ಫಲಕ ಕಟ್ಟಿದರು. ಕೂಡುವಾಗ ಗಂಡಾಮೆ ಉಜ್ಜಿ ಅವು ಕಿತ್ತುಹೋದವು. ಆಮೇಲೆ ದನದ ಕಿವಿಗೆ ಹಾಕುವ ಲೋಹದ ಬಿಲ್ಲೆಯನ್ನು ಮುಂಗಾಲಿನ ಅಂಚಿಗೆ ಚುಚ್ಚಿದರು, ಅದು ನಿಂತಿತು. ಬಿಲ್ಲೆಯ ಮೇಲೆ ಸಂಖ್ಯೆ, ವಿಶ್ವವಿದ್ಯಾಲಯದ ವಿಳಾಸ, ಕಳುಹಿಸಿದವರಿಗೆ ಬಹುಮಾನವೆಂಬ ಮಾತು. ಎರಡು ಮೂರು ವರ್ಷ ಕಳೆದ ಮೇಲೆ ಅವೇ ಸಂಖ್ಯೆಗಳು ಅದೇ ದಂಡೆಗೆ ಹತ್ತಿ ಬಂದವು. ಮೀನುಗಾರರು ಹೇಳುತ್ತಿದ್ದುದು ನಿಜವಾಗಿತ್ತು.

ದೂರದಿಂದಲೂ ಬಿಲ್ಲೆಗಳು ಅಂಚೆಯಲ್ಲಿ ಬರತೊಡಗಿದವು, ಹೆಚ್ಚಿನವು ನಿಕರಾಗುವಾದ ಮಿಸ್ಕಿಟೊ ಬೇಟೆಗಾರರಿಂದ. ಆಮೆಗಳು ಮೇಯುವ ಕಡಲ ಹುಲ್ಲುಗಾವಲು ಅಲ್ಲಿದೆ. ಇಲ್ಲಿ ನಾನು ಓದು ನಿಲ್ಲಿಸಿ ಸ್ವಲ್ಪ ಹೊತ್ತು ಕುಳಿತೆ. ಬಿಲ್ಲೆ ಬಂತೆಂದರೆ ಆ ಆಮೆಯನ್ನು ಕಡಿದಾಗಿದೆ ಎಂದೇ ಅರ್ಥ. ನಕ್ಷೆಗೆ ಒಂದು ಚುಕ್ಕಿ ಸೇರಿದಂತೆ ಸಮುದ್ರದಲ್ಲಿ ಒಂದು ಕಡಿಮೆ. ಕಾರ್ ಆ ಬೇಟೆಗಾರರನ್ನು ಹಳಿಯಲು ಹೋಗಲಿಲ್ಲ. ಹಣ ಕಳುಹಿಸಿದರು, ಸಂಖ್ಯೆ ಬರೆದುಕೊಂಡರು, ದಂಡೆಯನ್ನು ಉಳಿಸಲು ಸರ್ಕಾರದ ಬೆನ್ನು ಹಿಡಿದರು. ಅವರ ಪ್ರವಾಸ ಪುಸ್ತಕವನ್ನು ಮೆಚ್ಚಿದವರು ಸೇರಿ 1959ರಲ್ಲಿ ಒಂದು ಸಂರಕ್ಷಣಾ ಸಂಸ್ಥೆ ಕಟ್ಟಿದರು. 1970ರ ದಶಕದಲ್ಲಿ ಟೋರ್ಟುಗೆರೊ ರಾಷ್ಟ್ರೀಯ ಉದ್ಯಾನವಾಯಿತು.

ಎಲ್ಲವೂ ಫಲಿಸಲಿಲ್ಲ. ಅಮೆರಿಕದ ನೌಕಾಪಡೆಯ ವಿಮಾನಗಳಲ್ಲಿ ಮೊಟ್ಟೆ, ಮರಿಗಳನ್ನು ಕೆರಿಬಿಯನ್‌ನ ಬೇರೆ ಬೇರೆ ತೀರಗಳಿಗೆ ವರ್ಷಗಟ್ಟಲೆ ಸಾಗಿಸಿದರೂ ಅಲ್ಲಿ ಅವರು ಬಯಸಿದಂಥ ಹೊಸ ನೆಲೆಗಳು ಹುಟ್ಟಲಿಲ್ಲ. ಕಡಲಿಗಿಳಿದ ಮರಿಗಳು ಎಲ್ಲಿ ಮಾಯವಾಗುತ್ತವೆ ಎಂಬ ಪ್ರಶ್ನೆ ಅವರನ್ನು ದಶಕಗಳ ಕಾಲ ಕಾಡಿತು. ಪ್ರವಾಹಗಳು ಕೂಡುವಲ್ಲಿ ತೇಲುವ ಪಾಚಿಯ ಸಾಲುಗಳಲ್ಲಿ ಅವು ಬೆಳೆಯುತ್ತವೆಂದು ಕೊನೆಗೆ ಸಾಕ್ಷ್ಯ ಕೂಡಿಸಿದರು. ಅದೇ ಸಾಲುಗಳಲ್ಲಿ ಪ್ಲಾಸ್ಟಿಕ್ಕೂ ಡಾಂಬರೂ ಬಂದು ಸೇರುತ್ತಿರುವುದನ್ನೂ ಬರೆದಿಟ್ಟು, 1987ರ ಮೇ ತಿಂಗಳಲ್ಲಿ ತೀರಿಕೊಂಡರು. ಟೋರ್ಟುಗೆರೊದಲ್ಲಿ ಬಿಲ್ಲೆ ಹಾಕುವ ಕೆಲಸ ಈಗಲೂ ನಡೆದಿದೆ.

ಕಳೆದ ಸಲ ಊರಿಗೆ ಹೋದಾಗ ನಮ್ಮ ತೀರದಲ್ಲಿ ಆಮೆಯ ಗೂಡೊಂದಕ್ಕೆ ಅರಣ್ಯ ಇಲಾಖೆಯವರು ಬಲೆಯ ಬೇಲಿ ಕಟ್ಟಿದ್ದರು. ನಾಯಿ ಬಾರದಂತೆ ಅಲ್ಲಿ ಕೋಲು ಹಿಡಿದು ಕಾಯುತ್ತಿದ್ದವನು, ಅಂದು ನನ್ನೊಡನೆ ಚೀಲ ಹೊತ್ತಿದ್ದ ಸಹಪಾಠಿ.