ಶ್ರೀತತ್ತ್ವನಿಧಿಯ ದೊರೆ

ಮುಮ್ಮಡಿ ಕೃಷ್ಣರಾಜ ಒಡೆಯರವರನ್ನು ರಾಜ್ಯ ಕಳೆದುಕೊಂಡ ದೊರೆಯೆಂದು ಮರುಕದಿಂದ ಕಾಣುವುದು ವಾಡಿಕೆಯಾಗಿದೆ. ಅಧಿಕಾರ ಹೋದ ಮೇಲೆ ಕಾಲಹರಣಕ್ಕಾಗಿ ದೇವರನ್ನೂ ಚದುರಂಗವನ್ನೂ ಹಿಡಿದರೆಂದು ಹೇಳುವವರೂ ಉಂಟು. ಈ ಮಾತನ್ನು ನಾನು ಒಪ್ಪಲಾರೆ.

1794ರಲ್ಲಿ ಜನಿಸಿದ ಈ ಮಹನೀಯರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಇನ್ನೂ ಐದು ವರ್ಷದ ಬಾಲಕರಾಗಿರುವಾಗಲೇ ಸಿಂಹಾಸನವನ್ನೇರಿದರು. ದಿವಾನ್ ಪೂರ್ಣಯ್ಯನವರ ಆಡಳಿತ ಮುಗಿದ ಬಳಿಕ ತಾವೇ ರಾಜ್ಯಭಾರ ವಹಿಸಿದರು. ನಗರದ ದಂಗೆಯನ್ನು ನೆವಮಾಡಿಕೊಂಡು ಇಂಗ್ಲಿಷರು 1831ರಲ್ಲಿ ಆಡಳಿತವನ್ನು ಕಸಿದುಕೊಂಡರು. ಆದರೆ ತಂದೆಯವರ ಜನ್ಮಸ್ಥಳವಾದ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟು, ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದ್ದು 1826ರಲ್ಲಿ. ಚಾಮುಂಡಿ ಬೆಟ್ಟದ ಗೋಪುರ 1827ರದು. ಹಾಗಾದರೆ ಈ ಭಕ್ತಿ ಸೋತವನ ಸಮಾಧಾನವೆಂದು ಹೇಗೆ ಹೇಳೋಣ?

ಅವರ ಹೆಸರನ್ನು ಉಳಿಸಿದ ಮಹಾಕೃತಿ ಶ್ರೀತತ್ತ್ವನಿಧಿ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂದು ಒಂಬತ್ತು ನಿಧಿಗಳು. ಆಸ್ಥಾನದ ವಿದ್ವಾಂಸರ ನೆರವಿನಿಂದ ಹಳೆಯ ಗ್ರಂಥಗಳ ಧ್ಯಾನಶ್ಲೋಕಗಳನ್ನು ಆಯ್ದು, ಅವುಗಳಿಗೆ ತಕ್ಕ ವರ್ಣಚಿತ್ರಗಳನ್ನು ಬರೆಸಿದ ಸಂಕಲನವಿದು. ಧ್ಯಾನಶ್ಲೋಕವೆಂದರೆ ಬರಿಯ ಸ್ತುತಿಯಲ್ಲ. ದೇವರ ಮೈಬಣ್ಣ ಯಾವುದು, ಮುಖಗಳೆಷ್ಟು, ಯಾವ ಕೈಯಲ್ಲಿ ಏನಿದೆ, ವಾಹನ ಯಾವುದು ಎಂಬುದೆಲ್ಲವೂ ಅದರಲ್ಲಿ ಅಡಕವಾಗಿರುತ್ತದೆ. ಉಪಾಸಕನು ಕಣ್ಣುಮುಚ್ಚಿ ಆ ರೂಪವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಶಿಲ್ಪಿಯು ಅದನ್ನೇ ಕಲ್ಲಿನಲ್ಲಿ ಕಡೆಯುತ್ತಾನೆ.

ಶಿವನಿಧಿಯಲ್ಲಿ ಬರುವ 32 ಗಣಪತಿಗಳು ನನ್ನ ಮನಸ್ಸನ್ನು ಬಹುವಾಗಿ ಸೆಳೆದಿವೆ. ಬಾಲಗಣಪತಿ ಉದಯಸೂರ್ಯನ ಬಣ್ಣದವನು. ಕೈಗಳಲ್ಲಿ ಬಾಳೆ, ಮಾವು, ಹಲಸು, ಕಬ್ಬು. ದ್ವಿಜಗಣಪತಿಗೆ ನಾಲ್ಕು ಮುಖ. ಪುಸ್ತಕ, ಅಕ್ಷಮಾಲೆ, ದಂಡ, ಕಮಂಡಲುಗಳನ್ನು ಧರಿಸಿದ ಬ್ರಹ್ಮಚಾರಿಯ ಸ್ವರೂಪ. ಹೇರಂಬನಿಗೆ ಐದು ಮುಖ, ಸಿಂಹವಾಹನ. ಹರಿದ್ರಾಗಣಪತಿ ಅರಿಸಿನದ ವರ್ಣ. ಚೌತಿಯ ದಿನ ನಾವು ಮಣ್ಣಿನಲ್ಲಿ ಮಾಡಿ ಪೂಜಿಸುವ ಸೌಮ್ಯಮೂರ್ತಿಯೊಂದನ್ನೇ ಬಲ್ಲ ನನ್ನಂಥವರಿಗೆ ಇವೆಲ್ಲ ಬೆರಗು ಹುಟ್ಟಿಸುತ್ತವೆ. ತಾಂತ್ರಿಕರ ಉಚ್ಛಿಷ್ಟಗಣಪತಿಯನ್ನೂ ಮುಚ್ಚಿಡದೆ ಪಟ್ಟಿಯಲ್ಲಿ ಸೇರಿಸಿರುವುದು ಮೆಚ್ಚತಕ್ಕದ್ದು. ಮಡಿವಂತಿಕೆ ಅಡ್ಡಬಂದಿದ್ದರೆ ಸಂಗ್ರಹ ಕುಂಟುತ್ತಿತ್ತು. ಋಣಮೋಚನ ಗಣಪತಿಯೂ ಅಲ್ಲಿದ್ದಾನೆ. ಸಾಲ ಮಾಡಿದ ದೊರೆಯೆಂದು ಇಂಗ್ಲಿಷರ ದೂರು ಕೇಳಿದವರಿಗೆ ಆ ಹೆಸರು ನಗು ತರಿಸೀತು!

ಈ ರೂಪಗಳು ಹಾಳೆಯಲ್ಲಿಯೇ ಉಳಿಯಲಿಲ್ಲ. ಇದೇ ದೊರೆಯ ಕಾಲದಲ್ಲಿ ನಂಜನಗೂಡು ಮತ್ತು ಚಾಮರಾಜನಗರದ ದೇವಾಲಯಗಳಲ್ಲಿ 32 ಗಣಪತಿಗಳೂ ಶಿಲೆಯಲ್ಲಿ ಮೂಡಿದವು. ಓದು ಬಾರದವನೂ ಪ್ರಾಕಾರ ಸುತ್ತುತ್ತ ಗ್ರಂಥವನ್ನು ನೋಡಿಬಿಡಬಹುದು.

ಅಧಿಕಾರ ಹೋದ ಮೇಲೂ ದೊರೆಗಳು 37 ವರ್ಷ ಬದುಕಿದ್ದರು. ರಾಜ್ಯವನ್ನು ಮರಳಿ ಕೊಡಬೇಕೆಂದು ಮನವಿಯ ಮೇಲೆ ಮನವಿ ಸಲ್ಲಿಸಿದರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1868ರ ಮಾರ್ಚಿಯಲ್ಲಿ ಕಾಲವಾದರು. 1881ರಲ್ಲಿ ಆಡಳಿತ ಆ ದತ್ತುಪುತ್ರರ ಕೈಸೇರಿತು. ಶ್ರೀತತ್ತ್ವನಿಧಿ ಮುಂದೆ ಮುಂಬಯಿಯ ವೆಂಕಟೇಶ್ವರ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದರ ಕೌತುಕನಿಧಿಯಲ್ಲಿ ಚಿತ್ರಸಹಿತವಾಗಿರುವ 122 ಯೋಗಾಸನಗಳ ಕಡೆಗೆ 1996ರಲ್ಲಿ ನಾರ್ಮನ್ ಷೋಮನ್ ಎಂಬ ವಿದ್ವಾಂಸರ ಗ್ರಂಥವು ಪರದೇಶಗಳವರ ಗಮನವನ್ನೂ ಸೆಳೆಯಿತು.