ರೋಲರ್ ಎಳೆದ ಕೈ: ಪಲ್ವಂಕರ್ ಬಾಲೂ



ಕಡ್ಲೆಕಾಯಿ ಕಿತ್ತ ಮೇಲೆ ಖಾಲಿ ಹೊಲದಲ್ಲಿ ನಾವೆಲ್ಲ ಕ್ರಿಕೆಟ್ ಆಡ್ತೀವಿ ಅಲ್ವಾ? ಬ್ಯಾಟ್ ಹಿಡಿಯೋಕೆ ಎಲ್ಲರಿಗೂ ಆಸೆ. ಆದರೆ ಆಟಕ್ಕೆ ಮುಂಚೆ ಕಲ್ಲು ಆರಿಸಿ ನೆಲ ಗುಡಿಸೋಕೆ ಯಾರೂ ಮುಂದೆ ಬರಲ್ಲ. ಆ ಗುಡಿಸೋ ಕೆಲಸದಿಂದಲೇ ಶುರುಮಾಡಿ ದೇಶದ ದೊಡ್ಡ ಬೌಲರ್ ಆದ ನಮ್ಮವರೊಬ್ಬರ ಕಥೆ ಹೇಳ್ತೀನಿ, ಕೇಳಿ.

ಅವರ ಹೆಸರು ಪಲ್ವಂಕರ್ ಬಾಲೂ. 1870ರ ದಶಕದಲ್ಲಿ ನಮ್ಮ ಕನ್ನಡದ ಧಾರವಾಡದಲ್ಲಿ ಹುಟ್ಟಿದರು. ಮನೆತನದ ಮೂಲ ಕೊಂಕಣದ ಕಡೆ. ಚಮ್ಮಾರ ಸಮುದಾಯ. ತಂದೆಗೆ ಪುಣೆಯಲ್ಲಿ ಸೈನ್ಯದ ಕೆಲಸ. ಸೈನ್ಯದ ಅಧಿಕಾರಿಗಳು ಬಿಸಾಡಿದ ಬ್ಯಾಟು ಚೆಂಡುಗಳಲ್ಲೇ ಬಾಲೂ ಮತ್ತು ತಮ್ಮ ಶಿವರಾಮ ಆಟ ಕಲಿತರು.

ಬಾಲೂ ಅವರ ಮೊದಲ ಕೆಲಸ ಪುಣೆಯ ಪಾರ್ಸಿ ಕ್ಲಬ್ಬಿನಲ್ಲಿ. ಪಿಚ್ ಗುಡಿಸೋದು, ರೋಲರ್ ಎಳೆಯೋದು. ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿಗೆ ಹೋದರು. ಅಲ್ಲಿ 4 ರೂಪಾಯಿ. ನೆಟ್ ಕಟ್ಟಬೇಕು, ಗೆರೆ ಎಳೆಯಬೇಕು, ಬಿಡುವಿದ್ದಾಗ ಸಾಹೇಬರಿಗೆ ಚೆಂಡು ಎಸೆಯಬೇಕು. ಗ್ರೇಗ್ ಅನ್ನೋ ಬಿಳಿ ಅಧಿಕಾರಿ ದೊಡ್ಡ ಬ್ಯಾಟ್ಸ್‌ಮನ್. ಬೇರೆಯವರಿಗಿಂತ ಮೊದಲೇ ಮೈದಾನಕ್ಕೆ ಬಂದು ಬಾಲೂ ಅವರ ಕೈಯಲ್ಲಿ ಬೌಲಿಂಗ್ ಮಾಡಿಸಿಕೊಳ್ಳುತ್ತಿದ್ದ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದ ಅಂತ ಹೇಳ್ತಾರೆ. ಎಂಟು ಸಲ ಔಟಾದರೆ ಒಂದು ತಿಂಗಳ ಸಂಬಳ! ಗಂಟೆಗಟ್ಟಲೆ ಎಸೆದು ಎಸೆದು ಆ ಎಡಗೈ ಪಳಗಿತು. ಆದರೆ ಒಂದು ಮಾತು ನೆನಪಿಡಿ. ಅಷ್ಟು ವರ್ಷದಲ್ಲಿ ಆ ಕ್ಲಬ್ಬಿನಲ್ಲಿ ಅವರ ಕೈಗೆ ಒಂದು ಸಲವೂ ಬ್ಯಾಟ್ ಕೊಡಲಿಲ್ಲ.

ಬಿಳಿಯರನ್ನು ಸೋಲಿಸಬೇಕು ಅಂತ ಪುಣೆಯ ಹಿಂದೂ ತಂಡಕ್ಕೆ ಆಸೆ ಹುಟ್ಟಿದಾಗ ಬಾಲೂ ಬೇಕಾದರು. ಸೇರಿಸಿಕೊಳ್ಳಬೇಕೋ ಬೇಡವೋ ಅಂತ ಜಗಳವೇ ಆಯಿತು. ಕೊನೆಗೆ ಸೇರಿಸಿಕೊಂಡರು. ಮೈದಾನದ ಒಳಗೆ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಹೊರಗೆ ಬಂದರೆ ಅವರಿಗೆ ಟೀ ಮಣ್ಣಿನ ಕುಡಿಕೆಯಲ್ಲಿ, ಅದೂ ದೂರದಲ್ಲಿ. ಬೇರೆ ಲೋಟದ ಕಥೆ ನಮ್ಮ ತಾತಂದಿರಿಗೆ ಹೊಸದೇನಲ್ಲ, ಅಲ್ವಾ?

ಆಮೇಲೆ ಬೊಂಬಾಯಿ ಸೇರಿ, ರೈಲ್ವೆ ನೌಕರಿ ಮಾಡುತ್ತಾ ಆಡಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿದಾಗ ಅಣ್ಣ ತಮ್ಮ ಇಬ್ಬರೂ ತಂಡದಲ್ಲಿದ್ದರು. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಸೋತಿದ್ದೇ ಹೆಚ್ಚು. ಆದರೆ ಬಾಲೂ ಒಬ್ಬರೇ 114 ವಿಕೆಟ್ ತೆಗೆದರು. ಇಷ್ಟಾದರೂ ನಾಯಕನ ಪಟ್ಟ ಅವರಿಗೆ ಸಿಗಲಿಲ್ಲ. 1920ರಲ್ಲಿ ತಮ್ಮ ವಿಠಲನಿಗೂ ಅದೇ ಪಟ್ಟ ತಪ್ಪಿಸಿದಾಗ ವಿಠಲ, ಶಿವರಾಮ ಇಬ್ಬರೂ ಜಾತಿಯೇ ಕಾರಣ ಅಂತ ಎಲ್ಲರೆದುರು ಹೇಳಿ ತಂಡದಿಂದ ಹೊರಗೆ ನಿಂತರು. 1923ರಲ್ಲಿ ವಿಠಲ ನಾಯಕನಾದ, ತಂಡ ಗೆದ್ದಿತು.

ಇನ್ನೊಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತೆ. ಯುವಕರಾಗಿದ್ದಾಗ ಬಾಬಾಸಾಹೇಬರು ಬಾಲೂ ಅವರ ಆಟವನ್ನು ಬಹಳ ಮೆಚ್ಚಿದ್ದರು. ಆದರೆ ಮುಂದೆ ಪ್ರತ್ಯೇಕ ಚುನಾವಣಾ ಕ್ಷೇತ್ರದ ಪ್ರಶ್ನೆಯಲ್ಲಿ ದಾರಿ ಬೇರೆಯಾಯಿತು. 1937ರ ಚುನಾವಣೆಯಲ್ಲಿ ಬಾಲೂ ಅವರು ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತರು. ನಾವು ಬಾಬಾಸಾಹೇಬರ ಕಡೆಯವರೇ. ಆದರೂ ಆ ಒಂದು ಚುನಾವಣೆಗಾಗಿ ಆ ಎಡಗೈಯ ಕೆಲಸವನ್ನು ಮರೆಯೋದು ನ್ಯಾಯವಲ್ಲ ಅಂತ ನನಗನಿಸುತ್ತೆ. 1955ರಲ್ಲಿ ಅವರು ತೀರಿಕೊಂಡರು.

ಇದನ್ನೆಲ್ಲ ಯಾಕೆ ಹೇಳಿದೆ ಗೊತ್ತಾ? ನಮ್ಮಲ್ಲಿ ಎಷ್ಟೋ ಜನ ಹಿಂದೂಪುರ, ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ಬೆಳಿಗ್ಗೆ ಕತ್ತಲಲ್ಲಿ ಹೋಗಿ ರಾತ್ರಿ ಕತ್ತಲಲ್ಲಿ ಬರ್ತಾರೆ. ಅವರಿಗೆ ಹೋಗಿ ಕೆಲಸದಲ್ಲಿ ಖುಷಿ ಹುಡುಕಿ ಅಂದರೆ ನಗ್ತಾರೆ. ನಗಲಿ, ನ್ಯಾಯವೇ. ಕಡಿಮೆ ಕೂಲಿ, ಬೇರೆ ಲೋಟ ಇದ್ದ ಕಡೆ ಖುಷಿಯಾಗಿರು ಅನ್ನೋದು ಮೋಸ. ಆದರೆ ಬಾಲೂ ಅವರ ಖುಷಿ ಸಂಬಳದಲ್ಲಿ ಇರಲಿಲ್ಲ, ಸಾಹೇಬರ ಮೆಚ್ಚುಗೆಯಲ್ಲೂ ಇರಲಿಲ್ಲ. ಚೆಂಡು ಬೆರಳಿಂದ ಬಿಟ್ಟು ನೆಲಕ್ಕೆ ಬಿದ್ದು ತಿರುಗುತ್ತಲ್ಲ, ಆ ಕ್ಷಣದಲ್ಲಿತ್ತು. ಅದನ್ನು ಯಾವ ಕ್ಲಬ್ಬೂ ಕಿತ್ತುಕೊಳ್ಳೋಕೆ ಆಗಲಿಲ್ಲ. ಅವರ ತಮ್ಮಂದಿರು ಇನ್ನೊಂದು ಪಾಠವನ್ನೂ ಕಲಿಸಿದರು: ಕೆಲಸವನ್ನು ಪ್ರೀತಿಸಬೇಕು, ಅವಮಾನವನ್ನು ಸಹಿಸಬಾರದು. ಎರಡೂ ಒಟ್ಟಿಗೇ ಇರಬಹುದು.

ಹೊಲಿಗೆ ಮಿಷಿನ್ ಇರಲಿ, ರೇಷ್ಮೆ ಹುಳ ಇರಲಿ, ಪುಸ್ತಕ ಇರಲಿ, ನಿಮ್ಮ ಕೈ ಯಾವುದರಲ್ಲಿ ಪಳಗುತ್ತೋ ಅದನ್ನು ಪೂರ್ತಿ ಕಲಿಯಿರಿ. ಕಲಿತ ಮೇಲೆ ತಕ್ಕ ಬೆಲೆ ಕೇಳಿ. ಮತ್ತೆ ಮುಂದಿನ ಭಾನುವಾರ ನೆಲ ಗುಡಿಸೋಕೆ ನಾನು ಮೊದಲು ಬರ್ತೀನಿ, ನೀವೂ ಬನ್ನಿ. ಗುಡಿಸಿದವನಿಗೆ ಮೊದಲ ಬ್ಯಾಟಿಂಗ್!

ಜೈ ಭೀಮ್.