ಗಾಳ ಹಿಡಿದ ಕಲೆಕ್ಟರ್ ಥಾಮಸ್ ಸಾಹೇಬರು

ಸಂಜೆ ಹೊತ್ತು ಕೂಳೂರು ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ಒಮ್ಮೆ ಇಣುಕಿ ನೋಡಿ. ಗಾಳ ಬಿಟ್ಟು ನಿಂತ ಒಬ್ಬಿಬ್ಬರಾದರೂ ಕಾಣುತ್ತಾರೆ. ಕೈಯಲ್ಲಿ ನೂಲು, ಕಾಲ ಬುಡದಲ್ಲಿ ಪ್ಲಾಸ್ಟಿಕ್ ತೊಟ್ಟೆ. ತೊಟ್ಟೆಯಲ್ಲಿ ಮೀನು ಇದೆಯೋ ಇಲ್ಲವೋ, ಅದು ಬೇರೆ ಮಾತು. ಗಾಳ ಹಾಕುವವನಿಗೆ ಮನೆಯ ನೆನಪೂ ಇರುವುದಿಲ್ಲ, ಹೊತ್ತಿನ ನೆನಪೂ ಇರುವುದಿಲ್ಲ.

ಈ ಹುಚ್ಚು ಒಂದು ಕಾಲದಲ್ಲಿ ಜಿಲ್ಲೆಯ ಕಲೆಕ್ಟರಿಗೇ ಹಿಡಿದಿತ್ತು. ಹೆಸರು ಹೆನ್ರಿ ಸಲಿವನ್ ಥಾಮಸ್. ಮದರಾಸು ಸಿವಿಲ್ ಸರ್ವಿಸಿನ ಇಂಗ್ಲಿಷ್ ಅಧಿಕಾರಿ. ಭಾರತದಲ್ಲಿ ಗಾಳ ಹಾಕುವ ವಿದ್ಯೆಗೆ ಮೂಲ ಗ್ರಂಥ ಅಂತ ಇಂದಿಗೂ ಹೇಳುವ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕ ಅವರದು. ಅದು ಮೊದಲು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮದರಾಸಿನಲ್ಲೂ ಅಲ್ಲ. 1873ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ! ಅದೇ ಪ್ರೆಸ್ಸಿನಿಂದ ಮುಂದೆ 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. ಕಿಟ್ಟೆಲರನ್ನು ಊರು ಮರೆತಿಲ್ಲ. ಥಾಮಸರನ್ನು ನೆನೆಯುವವರು ಯಾರೂ ಇದ್ದಂತಿಲ್ಲ.

ಆಗಿನ ಕಾಲ ಸ್ವಲ್ಪ ನೆನಪು ಮಾಡಿಕೊಳ್ಳಬೇಕು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ರೈಲಿಲ್ಲ, ಬಸ್ಸಿಲ್ಲ. ಕಲೆಕ್ಟರು ಎಂದರೆ ಕುದುರೆ ಹತ್ತಿ, ಡೇರೆ ಹೊರಿಸಿಕೊಂಡು ಊರೂರು ತಿರುಗುವವನು. ಈ ಜಿಲ್ಲೆಯಲ್ಲಿ ಎತ್ತ ತಿರುಗಿದರೂ ಒಂದು ಹೊಳೆ ಅಡ್ಡ ಬರುತ್ತದೆ. ಗಾಳದ ಮನುಷ್ಯನಿಗೆ ಇನ್ನೇನು ಬೇಕು?

ಆದರೆ ಇಲ್ಲಿನ ಹೊಳೆಯಲ್ಲಿ ವರ್ಷವಿಡೀ ಗಾಳ ಹಾಕಲಿಕ್ಕೆ ಆಗುವುದಿಲ್ಲ. ಜೂನಿನಿಂದ ನೇತ್ರಾವತಿ ಕೆಂಪು. ಆ ನೆರೆಯಲ್ಲಿ ಗಾಳವೇನು, ದೋಣಿಯೇ ನಿಲ್ಲುವುದಿಲ್ಲ. ಮೀನು ಮೊಟ್ಟೆಯಿಡಲು ನೀರಿಗೆದುರಾಗಿ ಮೇಲೆ ಮೇಲೆ ಏರುವುದೂ ಆಗಲೇ. ಮಳೆ ಹಿಂದೆ ಸರಿದು ನೀರು ತಿಳಿಯಾದ ಮೇಲೆ ಘಟ್ಟದ ಬುಡದ ಹೊಳೆಗಳಲ್ಲಿ ಗಾಳದ ಹಂಗಾಮು. ಹುಡುಕುವ ಮೀನು ಮಹಶೀರ್, ಊರಿನವರ ಬಾಯಲ್ಲಿ ಪೆರುವೋಳು. ಬಾಯಲ್ಲಿ ಹಲ್ಲಿಲ್ಲ, ಹಲ್ಲೆಲ್ಲ ಗಂಟಲಿನಲ್ಲಿ! ಏಡಿಯನ್ನು ಚಿಪ್ಪಿನ ಸಮೇತ ಅಲ್ಲಿ ಜಜ್ಜಿ ನುಂಗುತ್ತದೆ. ಮರದಿಂದ ನೀರಿಗೆ ಬಿದ್ದ ಹಣ್ಣನ್ನೂ ಬಿಡುವುದಿಲ್ಲ. ಗಾಳ ಕಚ್ಚಿದ ಮರುಕ್ಷಣ ಅದು ಓಡುವ ಓಟಕ್ಕೆ ನೂಲು ಎಷ್ಟಿದ್ದರೂ ಸಾಲದು.

ಥಾಮಸ್ ಸಾಹೇಬರು ಬರೇ ಹಿಡಿದು ಮೀಸೆ ತಿರುವಿದವರಲ್ಲ. ನೋಡಿದರು, ಬರೆದಿಟ್ಟರು. ಮಹಶೀರ್ ಮೊಟ್ಟೆಯನ್ನೆಲ್ಲ ಒಂದೇ ಸಲ ಇಡುವುದಿಲ್ಲ, ಒಂದು ಹಂಗಾಮಿನಲ್ಲಿ ಹಲವು ಕಂತಿನಲ್ಲಿ ಇಡುತ್ತದೆ ಎಂಬುದು ಅವರ ವಾದ. ಮೀನಿನ ಶಾಸ್ತ್ರ ಓದಿದವರು ಈಗಲೂ ಈ ವಿಷಯ ಬಂದಾಗ ಥಾಮಸರ ಹೆಸರು ಎತ್ತುತ್ತಾರೆ.

ಹೊಳೆ ದಡದಲ್ಲಿ ಕೂತ ಕಲೆಕ್ಟರ ಕಣ್ಣಿಗೆ ಇನ್ನೂ ಒಂದು ಬಿತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿ ಗುಂಡಿಗಳು ಮಾತ್ರ ಉಳಿದಾಗ ಕಾಡಿನ ವಿಷದ ಕಾಯಿ ಜಜ್ಜಿ ಅದಕ್ಕೆ ಹಾಕುವುದು. ಗುಂಡಿಯಲ್ಲಿದ್ದದ್ದೆಲ್ಲ ಹೊಟ್ಟೆ ಮೇಲಾಗಿ ತೇಲುತ್ತದೆ. ದೊಡ್ಡದನ್ನು ಆರಿಸಿಕೊಂಡು ಹೋದರೆ ಮರಿಗಳು ಅಲ್ಲೇ ಕೊಳೆಯಬೇಕು. ಮಳೆಗಾಲದಲ್ಲಿ ನೀರು ಹರಿಯುವ ಕಂಡಿಗೆಲ್ಲ ಕೂಳಿ ಇಟ್ಟು ಬೆರಳುದ್ದದ ಮರಿಗಳನ್ನೂ ಬುಟ್ಟಿಗಟ್ಟಲೆ ಬಾಚುವುದು. ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನ ಬಲೆ ಬೇರೆ.

1870ರಲ್ಲಿ ಥಾಮಸರು ದಕ್ಷಿಣ ಕನ್ನಡದ ಮೀನು ಸಾಕಣೆಯ ಮೇಲೆ ಸರಕಾರಕ್ಕೆ ಒಂದು ವರದಿ ಕೊಟ್ಟರು. ಭೂಕಂದಾಯದ ಲೆಕ್ಕ ಬರೆಯಬೇಕಾದ ಕಲೆಕ್ಟರು ಮೀನುಮರಿಯ ಲೆಕ್ಕ ಬರೆದರು ಅನ್ನಿ. ತಿರುಳು ಇಷ್ಟೇ: ಮೀನು ಜನರ ಆಹಾರ, ಮರಿಯನ್ನೇ ಕೊಂದರೆ ನಾಳೆ ಊಟಕ್ಕೆ ಏನು? ಮೂರು ವರ್ಷದ ಮೇಲೆ ಬಂದ ಪುಸ್ತಕವೂ ಅಷ್ಟೇ, ಗಾಳ ಹಾಕುವುದು ಹೇಗೆ ಅಂತ ಹೇಳಿಕೊಟ್ಟು ಅಲ್ಲಿಗೆ ನಿಲ್ಲುವುದಿಲ್ಲ. ಮೀನು ಉಳಿಸುವ ಮಾತಿಗೂ ಅದರಲ್ಲಿ ಜಾಗ ಇದೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಕೇಳದೆ ಬಿಡುವಂತಿಲ್ಲ. ಸಾಹೇಬನಿಗೆ ಮೀನು ಆಟ. ಗದ್ದೆ ಬದುವಿಗೆ ಕೂಳಿ ಇಡುವವನಿಗೆ ಅದು ರಾತ್ರಿಯ ಗಂಜಿಯ ಜೊತೆಗಿನ ಪದಾರ್ಥ. ದೊಡ್ಡ ಮೀನು ತನ್ನ ಗಾಳಕ್ಕೆ ಸಿಗಲಿ ಅಂತ ಬಡವನ ಬುಟ್ಟಿ ಕಿತ್ತುಕೊಂಡ ಹಾಗೆ ಆಗುವುದಿಲ್ಲವೇ? ಆಗುತ್ತದೆ. ಮೊದಲ ಮಳೆಗೆ ಗದ್ದೆಗೆ ಏರುವ ಮೀನಿನ ರುಚಿ ಗೊತ್ತಿದ್ದವರು ಯಾರೂ ಕೂಳಿಯನ್ನು ದೊಡ್ಡ ಅಪರಾಧ ಅನ್ನಲಾರರು. ಆದರೆ ವಿಷದ ಮಾತು ಬೇರೆ. ವಿಷ ಹಾಕಿದವನು ತನ್ನ ಪಾಲಷ್ಟೇ ತೆಗೆಯುವುದಿಲ್ಲ, ಕೆಳಗಿನ ಊರಿನವರ ಪಾಲನ್ನೂ ತೆಗೆದುಬಿಡುತ್ತಾನೆ. ಅಲ್ಲಿ ಥಾಮಸರ ಮಾತನ್ನು ತಳ್ಳಿಹಾಕುವುದು ಕಷ್ಟ.

ಆ ದಿನಗಳಲ್ಲೇ ಸರಕಾರದ ವತಿಯಿಂದ ಮೀನಿನ ಸಮೀಕ್ಷೆ ನಡೆಸಿದವರು ಡಾಕ್ಟರ್ ಫ್ರಾನ್ಸಿಸ್ ಡೇ. ದಕ್ಷಿಣ ಕನ್ನಡದ ಹೊಳೆಯ ಒಂದು ಮೀನನ್ನು ಅವರು 1874ರಲ್ಲಿ ಶಾಸ್ತ್ರಕ್ಕೆ ಸೇರಿಸಿ, ಅದಕ್ಕೆ ಥಾಮಸರ ಹೆಸರನ್ನೇ ಇಟ್ಟರು. ಕಲೆಕ್ಟರುಗಳ ಹೆಸರು ರಸ್ತೆಗೆ, ಆಸ್ಪತ್ರೆಗೆ ಬರುವುದುಂಟು. ಮೀನಿಗೆ ಬಂದದ್ದು ಅಪರೂಪ.

ಮುಂದೆ ಸಾಹೇಬರು ಮದರಾಸಿನ ರೆವಿನ್ಯೂ ಬೋರ್ಡಿಗೆ ಏರಿದರು. ದೊಡ್ಡ ಹುದ್ದೆ. ಗಾಳ ಮಾತ್ರ ಬಿಡಲಿಲ್ಲ! ಮಂಗಳೂರಿನ ಪುಸ್ತಕ ಹಿಗ್ಗಿ 1881ರಲ್ಲಿ ಲಂಡನ್ನಿನಲ್ಲಿ ಎರಡನೇ ಸಲ ಅಚ್ಚಾಯಿತು. 1887ರಲ್ಲಿ ಇನ್ನೊಂದು ಪುಸ್ತಕ ಬಂತು, ಕೆರೆಯಲ್ಲಿ ಗಾಳ ಹಾಕುವುದರ ಬಗ್ಗೆಯೇ. ಘಟ್ಟದ ಹೊಳೆಗೆ ಹೋಗಲು ಪುರುಸೊತ್ತು ಇಲ್ಲದವನಿಗೆ ಊರ ಕೆರೆ ಉಂಟಲ್ಲ! ಮಹಶೀರಿನ ಮುಂದೆ ಕೆರೆಮೀನನ್ನು ಲೆಕ್ಕಕ್ಕೇ ಇಡದ ದೊರೆಗಳೂ ಇದ್ದರು. ಥಾಮಸರು ಹಾಗಲ್ಲ. ನೀರಿನ ಮೇಲಿನ ಬೆಂಡು ಅಲುಗಿತೇ ಇಲ್ಲವೇ ಅಂತ ತಾಸುಗಟ್ಟಲೆ ನೋಡುತ್ತ ಕೂರುವ ಕೆಲಸಕ್ಕೂ ಅವರು ಒಂದು ಇಡೀ ಪುಸ್ತಕ ಕೊಟ್ಟರು. ಸೇತುವೆ ಮೇಲೆ ನಿಲ್ಲುವವರಿಗೆ ಇದರಲ್ಲಿ ವಿಶೇಷ ಏನೂ ಕಾಣಲಿಕ್ಕಿಲ್ಲ.

1897ರಲ್ಲಿ ಎರಡು ಕೆಲಸ ಒಟ್ಟಿಗೆ ಆದವು. ‘ರಾಡ್ ಇನ್ ಇಂಡಿಯಾ’ ಮೂರನೇ ಸಲ ಅಚ್ಚಾಯಿತು. ಅದೇ ವರ್ಷ ಭಾರತದ ಮೀನುಗಾರಿಕೆ ಕಾಯ್ದೆ ಬಂತು. ನೀರಿಗೆ ತೋಟೆ ಹಾಕಿದರೆ, ವಿಷ ಹಾಕಿದರೆ ಎರಡು ತಿಂಗಳವರೆಗೆ ಜೈಲು ಇಲ್ಲವೇ 200 ರೂಪಾಯಿಯವರೆಗೆ ದಂಡ. ಬಲೆಯ ಕಣ್ಣು ಎಷ್ಟಿರಬೇಕು ಅಂತ ನಿಯಮ ಮಾಡುವ ಅಧಿಕಾರವೂ ಸರಕಾರಕ್ಕೆ ಸಿಕ್ಕಿತು. ಮಂಗಳೂರಿನಿಂದ ವರದಿ ಹೋಗಿ 27 ವರ್ಷ ಕಳೆದಿತ್ತು. ಆ ಕಾಲದ 200 ರೂಪಾಯಿ ಸಣ್ಣದಲ್ಲ. ಆದರೆ ಕಾಡಿನ ನಡುವಿನ ಗುಂಡಿಗೆ ರಾತ್ರಿ ವಿಷ ಬಿದ್ದರೆ ನೋಡುವವರು ಯಾರು?

ಕಾನೂನು ಮುಟ್ಟದ ಕಡೆ ಮೀನನ್ನು ಕಾಪಾಡಿದ್ದು ದೇವರ ಹೆಸರು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮಹಶೀರ್‌ಗಳು ದೇವಸ್ಥಾನದ ಮೀನುಗಳು. ಅಲ್ಲಿ ಗಾಳ ಹಾಕುವಂತಿಲ್ಲ, ಭಕ್ತರು ಬಂದು ಅಕ್ಕಿ, ಹೊದಳು ಹಾಕುತ್ತಾರೆ. ಆ ನೀರಿಗೂ 1996ರಲ್ಲಿ ಯಾರೋ ವಿಷ ಹಾಕಿದರು. ಸಾವಿರಗಟ್ಟಲೆ ಮೀನು ಸತ್ತವು. ಸತ್ತ ಮೀನುಗಳಿಗೆ ಊರಿನವರು ಅಲ್ಲಿ ಸ್ಮಾರಕ ಕಟ್ಟಿಸಿದ್ದಾರೆ. ಹೊಳೆಯಲ್ಲಿ ಮೀನು ಮತ್ತೆ ತುಂಬಿದೆ.

ಥಾಮಸರ ಹೆಸರಿನ ಮೀನು ಅಷ್ಟು ಅದೃಷ್ಟದ್ದಲ್ಲ. ಇಂದು ಅದು ಅಳಿವಿನ ಭಯದಲ್ಲಿರುವ ಮೀನುಗಳ ಪಟ್ಟಿ ಸೇರಿದೆ. ಬಂದರಿನ ಮಾರ್ಕೆಟಿನಲ್ಲಿ ಬಂಗುಡೆ, ಬೂತಾಯಿ ಕೇಳಿದರೆ ಸಿಕ್ಕೀತು, ಈ ಹೆಸರು ಹೇಳಿದರೆ ಮೀನು ಮಾರುವ ಹೆಂಗಸರು ಮುಖ ನೋಡಿಯಾರು. ಘಟ್ಟದ ಬುಡದ ಹೊಳೆಗಳಲ್ಲಿ ಅಲ್ಲೊಂದು ಇಲ್ಲೊಂದು ಇನ್ನೂ ಉಳಿದಿದೆ.